ಎಂಜಿನ್ ಬಿಟ್ಟು ಚಾಸಿ ನೋಡಿದ ರೆಕ್ಸ್ ಮೆಕ್ಯಾಂಡ್ಲೆಸ್

ಬೈಕ್ ವಿಷಯ ಬಂದರೆ ನಾವು ಮೊದಲು ಕೇಳುವುದು ಎಷ್ಟು ಸಿಸಿ, ಪಿಕಪ್ ಹೇಗಿದೆ, ಎಷ್ಟು ಸ್ಪೀಡ್ ಹೋಗುತ್ತದೆ ಎಂದು. ಅದರ ಚಾಸಿ ಹೇಗಿದೆ, ಹಿಂದಿನ ಚಕ್ರ ಯಾವುದರ ಆಧಾರದ ಮೇಲೆ ನಿಂತಿದೆ ಎಂದು ಕೇಳುವವರು ಕಡಿಮೆ. ಆದರೆ ತಿರುವಿನಲ್ಲಿ, ತಗ್ಗುದಿನ್ನೆಯಲ್ಲಿ ನಮ್ಮನ್ನು ರಸ್ತೆಯ ಮೇಲೆ ಉಳಿಸುವುದು ಎಂಜಿನ್ ಅಲ್ಲ, ಚಾಸಿ ಮತ್ತು ಸಸ್ಪೆನ್ಷನ್. ಈ ಸಂಗತಿಯನ್ನು ಬೈಕ್ ಕಂಪನಿಗಳಿಗೇ ಮನವರಿಕೆ ಮಾಡಿಕೊಟ್ಟವರಲ್ಲಿ ಮುಖ್ಯರಾದವರು ಉತ್ತರ ಐರ್ಲೆಂಡಿನ ರೆಕ್ಸ್ ಮೆಕ್ಯಾಂಡ್ಲೆಸ್. ಅವರು ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಸಣ್ಣ ಗ್ಯಾರೇಜಿನಲ್ಲಿ ಹಳೆಯ ಬೈಕುಗಳನ್ನು ಬಿಚ್ಚಿ, ನೋಡಿ, ಬೆಸುಗೆ ಹಾಕಿ ಕಲಿತವರು. ಅವರು ಮಾಡಿದ ಒಂದು ಚಾಸಿ ಇವತ್ತಿಗೂ ಹಳೆಯ ಬೈಕುಗಳ ಪ್ರಿಯರ ಬಾಯಲ್ಲಿದೆ.

ಬಾಲ್ಯ ಮತ್ತು ಕೆಲಸ

ರೆಕ್ಸ್ ಮೆಕ್ಯಾಂಡ್ಲೆಸ್ ಹುಟ್ಟಿದ್ದು 1915ರ ಮೇ 21ರಂದು, ಉತ್ತರ ಐರ್ಲೆಂಡಿನ ಡೌನ್ ಕೌಂಟಿಯ ಹಿಲ್ಸ್‌ಬರೋ ಎಂಬ ಊರಿನ ಕಡೆ. 13ನೇ ವಯಸ್ಸಿಗೇ ಅವರ ಶಾಲೆ ಮುಗಿಯಿತು. ಅಂದರೆ ನಮ್ಮ ಲೆಕ್ಕದಲ್ಲಿ ಎಂಟನೇ ತರಗತಿ. ಆಮೇಲೆ ದುಡಿಮೆಯೇ ಅವರ ಪಾಠ. ಅವರಿಗೆ ಕ್ರೋಮಿ ಎಂಬ ತಮ್ಮ ಇದ್ದರು. ಅಣ್ಣ ತಮ್ಮ ಇಬ್ಬರಿಗೂ ಮೋಟಾರ್ ಸೈಕಲ್ ಎಂದರೆ ಪ್ರಾಣ.

ಎರಡನೇ ಮಹಾಯುದ್ಧದ ಕಾಲದಲ್ಲಿ ರೆಕ್ಸ್ ಬೆಲ್‌ಫಾಸ್ಟ್ ನಗರದ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡಿದರು. ವಿಮಾನದ ಕೆಲಸದಲ್ಲಿ ಒಂದು ವಿಷಯವನ್ನು ಯಾರೂ ಮರೆಯುವಂತಿಲ್ಲ. ಭಾಗ ಗಟ್ಟಿಯಾಗಿಯೂ ಇರಬೇಕು, ಹಗುರವಾಗಿಯೂ ಇರಬೇಕು. ತೂಕ ಹೆಚ್ಚಾದರೆ ವಿಮಾನ ಏಳುವುದಿಲ್ಲ, ಗಟ್ಟಿತನ ಕಡಿಮೆಯಾದರೆ ಆಕಾಶದಲ್ಲಿ ಮುರಿಯುತ್ತದೆ. ಆಗಿನ ಮೋಟಾರ್ ಸೈಕಲ್ ಕಂಪನಿಗಳಲ್ಲಿ ಇಂಥ ಯೋಚನೆ ಕಡಿಮೆ ಇತ್ತು. ಎಲ್ಲಾದರೂ ಮುರಿಯಿತೆಂದರೆ ಅಲ್ಲಿಗೆ ಇನ್ನಷ್ಟು ಕಬ್ಬಿಣ ಸೇರಿಸುವುದು ರೂಢಿಯಾಗಿತ್ತು. ಆಮೇಲೆ ಅಣ್ಣ ತಮ್ಮ ಸೇರಿ ವಾಹನ ರಿಪೇರಿಯ ಸ್ವಂತ ಕೆಲಸ ಶುರು ಮಾಡಿದರು.

ರೆಕ್ಸ್ ಬಿಡುವಿನಲ್ಲಿ ರೇಸ್ ಓಡಿಸುತ್ತಿದ್ದರು. ಅವರ ಹತ್ತಿರ ಒಂದು ಟ್ರಯಂಫ್ ಬೈಕ್ ಇತ್ತು. ಅದರ ಎಂಜಿನ್ ಚೆನ್ನಾಗಿ ಎಳೆಯುತ್ತಿತ್ತು, ಆದರೆ ತಿರುವಿನಲ್ಲಿ ಮಾತು ಕೇಳುತ್ತಿರಲಿಲ್ಲ. ಬೇರೆಯವರಾಗಿದ್ದರೆ ಸವಾರನ ಕೈ ಪಳಗಬೇಕು ಎಂದು ಸುಮ್ಮನಾಗುತ್ತಿದ್ದರು. ರೆಕ್ಸ್ ಸುಮ್ಮನಾಗಲಿಲ್ಲ. ತೂಕ ಎಲ್ಲಿದೆ, ಮುಂದಿನ ಚಕ್ರದ ಮೇಲೆ ಎಷ್ಟು ಬೀಳುತ್ತದೆ, ಹಿಂದಿನ ಚಕ್ರ ನೆಲ ಬಿಟ್ಟಾಗ ಏನಾಗುತ್ತದೆ ಎಂದು ಒಂದೊಂದಾಗಿ ಬದಲಾಯಿಸಿ ನೋಡತೊಡಗಿದರು.

ಹಳೆಯ ಬೈಕಿನ ತೊಂದರೆ ಏನು?

ಇಲ್ಲಿ ಸ್ವಲ್ಪ ನಿಂತು, ಅವರ ಮುಂದಿದ್ದ ಸಮಸ್ಯೆಯನ್ನು ತಿಳಿದುಕೊಳ್ಳೋಣ. ಆ ಕಾಲದ ಹೆಚ್ಚಿನ ಬೈಕುಗಳ ಹಿಂದಿನ ಚಕ್ರಕ್ಕೆ ಶಾಕ್ ಅಬ್ಸಾರ್ಬರ್ ಇರಲಿಲ್ಲ. ನಮ್ಮ ಸೈಕಲ್‌ನ ಹಾಗೆ ಚಕ್ರವನ್ನು ನೇರವಾಗಿ ಚಾಸಿಗೆ ಬೋಲ್ಟ್ ಹಾಕಿ ಬಿಗಿಯುತ್ತಿದ್ದರು. ಸೀಟಿನ ಕೆಳಗೆ ಎರಡು ಸ್ಪ್ರಿಂಗ್ ಇರುತ್ತಿದ್ದವು, ಅವು ಕೂತವನ ಸೊಂಟಕ್ಕಾಗಿ ಮಾತ್ರ. ಚಕ್ರಕ್ಕೆ ಅದರಿಂದ ಏನೂ ಉಪಯೋಗವಿಲ್ಲ. ತಗ್ಗು ಬಂದಾಗ ಚಕ್ರ ಗಾಳಿಗೆ ಹಾರುತ್ತದೆ. ಚಕ್ರ ಗಾಳಿಯಲ್ಲಿದ್ದಷ್ಟು ಹೊತ್ತು ಎಂಜಿನ್ನಿನ ಶಕ್ತಿ ವ್ಯರ್ಥ, ಬ್ರೇಕ್ ವ್ಯರ್ಥ, ತಿರುವಿನಲ್ಲಿ ಹಿಡಿತವೂ ಇಲ್ಲ.

ಇದಕ್ಕೆ ಕೆಲವು ಕಂಪನಿಗಳು ಪ್ಲಂಜರ್ ಎಂಬ ಉಪಾಯ ಮಾಡಿದ್ದವು. ಚಕ್ರದ ಆಕ್ಸಲ್‌ನ ಎರಡೂ ಬದಿಗೆ ಒಂದೊಂದು ಸ್ಪ್ರಿಂಗ್ ಕೊಳವೆ ಇಟ್ಟು, ಆಕ್ಸಲ್ ಅದರೊಳಗೆ ಮೇಲೆ ಕೆಳಗೆ ಜಾರುವಂತೆ ಮಾಡುವುದು. ಆದರೆ ಎಡ ಬಲ ಎರಡೂ ಕೊಳವೆಗಳು ಬೇರೆ ಬೇರೆಯಾಗಿ ಸವೆಯುತ್ತಿದ್ದವು. ಒಂದು ಬದಿ ಹೆಚ್ಚು ಏರಿ ಇನ್ನೊಂದು ಬದಿ ಕಡಿಮೆ ಏರಿದರೆ ಚಕ್ರ ವಾಲುತ್ತದೆ, ಬೈಕ್ ಹಾವಿನಂತೆ ಹರಿದಾಡುತ್ತದೆ.

ಇನ್ನೊಂದು ದಾರಿ ಸ್ವಿಂಗ್ ಆರ್ಮ್. ಇಂಗ್ಲಿಷಿನ ಯು ಅಕ್ಷರದಂಥ ಒಂದು ಕಬ್ಬಿಣದ ತೋಳು. ಅದರ ಮುಂದಿನ ತುದಿ ಚಾಸಿಗೆ ಒಂದು ಪಿನ್ ಮೇಲೆ ಕೂತಿರುತ್ತದೆ, ಹಿಂದಿನ ತುದಿಯಲ್ಲಿ ಚಕ್ರ. ಬಾಗಿಲು ಕೀಲಿನ ಮೇಲೆ ತಿರುಗುವ ಹಾಗೆ ಈ ತೋಳು ಮೇಲೆ ಕೆಳಗೆ ಆಡುತ್ತದೆ. ಎರಡೂ ಬದಿ ಒಂದೇ ತೋಳಾದ್ದರಿಂದ ಚಕ್ರ ವಾಲುವುದು ಬಹಳ ಕಡಿಮೆ. ಇವತ್ತು ನಮ್ಮ ಕಾಲೇಜಿನ ಸ್ಟ್ಯಾಂಡಿನಲ್ಲಿ ನಿಲ್ಲುವ ಬೈಕುಗಳಲ್ಲೆಲ್ಲ ಇರುವುದು ಇದೇ. ಸ್ವಿಂಗ್ ಆರ್ಮನ್ನು ಕಂಡುಹಿಡಿದವರು ಮೆಕ್ಯಾಂಡ್ಲೆಸ್ ಎಂದು ಕೆಲವರು ತಿಳಿದಿದ್ದಾರೆ, ಅದು ಸರಿಯಲ್ಲ. ಇಟಲಿಯ ಮೋಟೋ ಗುಜ್ಜಿ, ಇಂಗ್ಲೆಂಡಿನ ವೆಲೊಸೆಟ್ ಕಂಪನಿಗಳು 1930ರ ದಶಕದಲ್ಲೇ ರೇಸ್ ಬೈಕುಗಳಲ್ಲಿ ಇದನ್ನು ಬಳಸಿದ್ದವು. ಅದನ್ನು ಸರಿಯಾದ ಚಾಸಿಗೆ, ಸರಿಯಾದ ಶಾಕ್ ಅಬ್ಸಾರ್ಬರ್ ಜೊತೆಗೆ ಸೇರಿಸಿ, ಇಡೀ ಬೈಕನ್ನು ಒಂದು ಲೆಕ್ಕವಾಗಿ ನೋಡಿದ್ದು ಮೆಕ್ಯಾಂಡ್ಲೆಸ್ ಅವರ ದೊಡ್ಡ ಕೆಲಸ.

ಪ್ರಾಣಿ ಎಂಬ ಹೆಸರಿನ ಬೈಕ್

1944ರಲ್ಲಿ, ಯುದ್ಧ ಇನ್ನೂ ಮುಗಿಯದಿದ್ದಾಗ, ರೆಕ್ಸ್ ತಮ್ಮದೇ ಆದ ಒಂದು ಬೈಕ್ ಕಟ್ಟಿದರು. ಅದರ ಹೆಸರು ಬೆನಿಯಲ್. ಐರಿಷ್ ಭಾಷೆಯಲ್ಲಿ ಮೃಗ, ಪ್ರಾಣಿ ಎಂಬ ಅರ್ಥದ ಮಾತು ಅದು. ಹಿಂದಿನ ಚಕ್ರಕ್ಕೆ ಸ್ವಿಂಗ್ ಆರ್ಮ್ ಹಾಕಿದರು. ಶಾಕ್ ಅಬ್ಸಾರ್ಬರ್ ಎಲ್ಲಿಂದ ತರುವುದು? ಬೈಕಿಗೆಂದೇ ಮಾಡಿದ ಎಣ್ಣೆ ತುಂಬಿದ ಶಾಕ್ ಆಗ ಸುಲಭವಾಗಿ ಸಿಗುತ್ತಿರಲಿಲ್ಲ. ಅವರು ಸಿಟ್ರೊಯೆನ್ ಎಂಬ ಫ್ರೆಂಚ್ ಕಾರಿನ ಶಾಕ್ ತೆಗೆದು ಇದಕ್ಕೆ ಕೂಡಿಸಿದರು. ನಮ್ಮ ಊರಿನ ಉಸ್ತಾದರು ಒಂದು ಗಾಡಿಯ ಪಾರ್ಟನ್ನು ಇನ್ನೊಂದಕ್ಕೆ ಹೊಂದಿಸುವುದನ್ನು ನೋಡಿದವರಿಗೆ ಇದು ಹೊಸದೆನಿಸುವುದಿಲ್ಲ.

ಸ್ಪ್ರಿಂಗ್ ಒಂದೇ ಏಕೆ ಸಾಲದು ಎಂಬುದನ್ನೂ ಹೇಳಬೇಕು. ಸ್ಪ್ರಿಂಗ್ ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ಹಾರುತ್ತದೆ, ಮತ್ತೆ ತಗ್ಗುತ್ತದೆ. ಒಂದು ಗುಂಡಿ ದಾಟಿದ ಮೇಲೂ ಬೈಕ್ ನಾಲ್ಕು ಸಲ ಕುಣಿಯುತ್ತದೆ. ಆ ಕುಣಿತವನ್ನು ನಿಲ್ಲಿಸುವುದು ಶಾಕ್ ಅಬ್ಸಾರ್ಬರ್ ಒಳಗಿನ ಎಣ್ಣೆ. ಎಣ್ಣೆ ಸಣ್ಣ ರಂಧ್ರದಿಂದ ನಿಧಾನವಾಗಿ ಹೋಗಬೇಕಾದ್ದರಿಂದ ಸ್ಪ್ರಿಂಗ್ ಒಮ್ಮೆಲೇ ಹಾರಲಾರದು. ಸ್ಪ್ರಿಂಗ್ ಭಾರ ಹೊರುತ್ತದೆ, ಎಣ್ಣೆ ಸ್ಪ್ರಿಂಗನ್ನು ಹಿಡಿದಿಡುತ್ತದೆ. ಎರಡೂ ಇದ್ದರೆ ಮಾತ್ರ ಚಕ್ರ ನೆಲಕ್ಕೆ ಅಂಟಿಕೊಂಡಿರುತ್ತದೆ.

ಆಮೇಲೆ ಮೆಕ್ಯಾಂಡ್ಲೆಸ್ ಸಹೋದರರು ಹಳೆಯ ಬೈಕುಗಳಿಗೆ ಹಾಕುವಂಥ ಒಂದು ಜೋಡಣೆ ತಯಾರಿಸಿದರು. ಗಟ್ಟಿ ಚಾಸಿಯ ಹಿಂಭಾಗವನ್ನು ತೆಗೆದು, ಆ ಜಾಗಕ್ಕೆ ಸ್ವಿಂಗ್ ಆರ್ಮ್ ಮತ್ತು ಎರಡು ಶಾಕ್ ಇರುವ ಹೊಸ ಹಿಂಭಾಗವನ್ನು ಸೇರಿಸುವುದು. ಹೊಸ ಬೈಕ್ ಕೊಳ್ಳಲು ಹಣವಿಲ್ಲದವರು ತಮ್ಮ ಹಳೆಯ ಬೈಕನ್ನೇ ಸುಧಾರಿಸಿಕೊಳ್ಳಬಹುದಿತ್ತು. ಯುದ್ಧ ಮುಗಿದ ಹೊಸತರಲ್ಲಿ ಹೊಸ ಬೈಕ್ ಸಿಗುವುದೇ ಕಷ್ಟವಾಗಿದ್ದಾಗ ಇದಕ್ಕೆ ಒಳ್ಳೆಯ ಬೇಡಿಕೆ ಬಂತು. ಮುಂದೆ ಈ ಜೋಡಣೆಯ ಹಕ್ಕನ್ನು ಅವರು ಫೆರಿಡ್ಯಾಕ್ಸ್ ಎಂಬ ಕಂಪನಿಗೆ ಮಾರಿದರು. ಕಾಮರ್ಸ್ ಓದುವ ನಮಗೆ ಇಲ್ಲಿ ಗಮನಿಸಲು ಒಂದು ವಿಷಯವಿದೆ. ಕಾರ್ಖಾನೆ ಇಲ್ಲ, ದೊಡ್ಡ ಬಂಡವಾಳ ಇಲ್ಲ. ಇಬ್ಬರು ಅಣ್ಣತಮ್ಮಂದಿರ ಹತ್ತಿರ ಇದ್ದದ್ದು ಒಂದು ತಿಳಿವಳಿಕೆ. ಅದೇ ಅವರ ಆಸ್ತಿಯಾಯಿತು.

ನಾರ್ಟನ್ ಬಾಗಿಲು ತೆರೆಯಿತು

ಬೆಲ್‌ಫಾಸ್ಟಿನಲ್ಲಿ ರೆಕ್ಸ್ ಅವರಿಗೆ ಆರ್ಟಿ ಬೆಲ್ ಎಂಬ ಗೆಳೆಯರಿದ್ದರು. ಅವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ನಾರ್ಟನ್ ಕಂಪನಿಯ ರೇಸ್ ಸವಾರರು. 1948ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಸೀನಿಯರ್ ಟಿಟಿ ರೇಸ್ ಗೆದ್ದವರು. ಈ ಗೆಳೆತನದಿಂದ ನಾರ್ಟನ್ ಕಂಪನಿಗೂ ಮೆಕ್ಯಾಂಡ್ಲೆಸ್ ಅವರ ಕೆಲಸದ ಪರಿಚಯವಾಯಿತು.

ಆಗ ನಾರ್ಟನ್ ಕಷ್ಟದಲ್ಲಿತ್ತು. ಅದರ ರೇಸ್ ಬೈಕಿಗೆ ಒಂದೇ ಸಿಲಿಂಡರ್. ಇಟಲಿಯ ಗಿಲೆರಾ ಕಂಪನಿಯದು ನಾಲ್ಕು ಸಿಲಿಂಡರ್. ಎಂಜಿನ್ ಶಕ್ತಿಯಲ್ಲಿ ನಾರ್ಟನ್ ಅವರನ್ನು ಮುಟ್ಟುವಂತಿರಲಿಲ್ಲ. ಜೊತೆಗೆ ನಾರ್ಟನ್ ಬಳಸುತ್ತಿದ್ದ ಪ್ಲಂಜರ್ ಚಾಸಿ ಭಾರವಾಗಿತ್ತು, ರೇಸಿನಲ್ಲಿ ಬಿರುಕು ಬಿಡುತ್ತಿತ್ತು. ಸವಾರರು ಅದಕ್ಕೆ ತೋಟದ ಗೇಟು ಎಂದು ಅಡ್ಡಹೆಸರು ಇಟ್ಟಿದ್ದರು. ಹೊಸ ಎಂಜಿನ್ ಮಾಡಲು ವರ್ಷಗಳು ಬೇಕು, ಕೋಟಿಗಟ್ಟಲೆ ಹಣ ಬೇಕು. ಹಾಗಾಗಿ ಕಂಪನಿಯ ಮುಖ್ಯಸ್ಥರಾದ ಗಿಲ್ಬರ್ಟ್ ಸ್ಮಿತ್ ಅವರು ಕಾಲೇಜು ಕಾಣದ ಈ ಐರಿಷ್ ಮೆಕ್ಯಾನಿಕ್‌ಗೆ ಅವಕಾಶ ಕೊಟ್ಟರು. ರೇಸ್ ವಿಭಾಗದ ಮುಖ್ಯಸ್ಥ ಜೋ ಕ್ರೇಗ್ ಅವರೂ ಉತ್ತರ ಐರ್ಲೆಂಡಿನವರೇ, ಎಂಜಿನ್ ಕೆಲಸದಲ್ಲಿ ದೊಡ್ಡ ಹೆಸರು ಮಾಡಿದವರು.

ಮೆಕ್ಯಾಂಡ್ಲೆಸ್ ಹೊಸ ಚಾಸಿ ಮಾಡಿದರು. ಅದರ ರಚನೆ ನೋಡಲು ಸರಳ. ಎಡಕ್ಕೆ ಒಂದು, ಬಲಕ್ಕೆ ಒಂದು ಉದ್ದ ಕೊಳವೆ. ಒಂದೊಂದು ಕೊಳವೆಯೂ ಎಂಜಿನ್ನಿನ ಮೇಲಿಂದ ಹಿಂದಕ್ಕೆ ಹೋಗಿ, ಕೆಳಗೆ ಇಳಿದು, ಎಂಜಿನ್ನಿನ ಅಡಿಯಿಂದ ಮುಂದೆ ಬಂದು, ಮತ್ತೆ ಮೇಲೇರಿ ಹ್ಯಾಂಡಲ್ ಇರುವ ಜಾಗಕ್ಕೆ ಸೇರುತ್ತದೆ. ಹ್ಯಾಂಡಲ್ಲಿನ ತಲೆಯ ಹತ್ತಿರ ಮೇಲಿನ ಕೊಳವೆಗಳೂ ಕೆಳಗಿನ ಕೊಳವೆಗಳೂ ಒಂದನ್ನೊಂದು ಹಾಯ್ದು ಬೆಸುಗೆಯಾಗುತ್ತವೆ. ಬೈಕ್ ತಿರುಚಿಕೊಳ್ಳುವುದು ಹೆಚ್ಚಾಗಿ ಅದೇ ಜಾಗದಲ್ಲಿ, ಅಲ್ಲಿಯೇ ಅತಿ ಹೆಚ್ಚು ಬಲ ಕೊಟ್ಟಿದ್ದರು. ಎರಕ ಹೊಯ್ದ ಭಾರದ ಜೋಡಣೆಗಳನ್ನು ಬಿಟ್ಟು ಎಲ್ಲವನ್ನೂ ಬೆಸುಗೆಯಿಂದಲೇ ಮಾಡಿದರು. ಎಂಜಿನ್ನನ್ನು ಮುಂದಕ್ಕೂ ಕೆಳಕ್ಕೂ ಕೂರಿಸಿದರು, ಇದರಿಂದ ಮುಂದಿನ ಚಕ್ರಕ್ಕೆ ಭಾರ ಬಿದ್ದು ಹಿಡಿತ ಹೆಚ್ಚಿತು. ಹಿಂದೆ ಸ್ವಿಂಗ್ ಆರ್ಮ್ ಮತ್ತು ಶಾಕ್ ಅಬ್ಸಾರ್ಬರ್.

ಇಂಥ ತೆಳು ಕೊಳವೆಗೆ ಬೆಸುಗೆ ಹಾಕುವ ನೈಪುಣ್ಯ ನಾರ್ಟನ್ ಕಾರ್ಖಾನೆಯಲ್ಲಿ ಇರಲಿಲ್ಲ. ಮೊದಲ ರೇಸ್ ಚಾಸಿಗಳನ್ನು ಮೆಕ್ಯಾಂಡ್ಲೆಸ್ ಅವರೇ ನಿಂತು ಮಾಡಿದರು. ಆಮೇಲೆ ಆ ಕೆಲಸವನ್ನು ಉಕ್ಕಿನ ಕೊಳವೆಗಳಿಗೆ ಹೆಸರಾದ ರೆನಾಲ್ಡ್ಸ್ ಕಂಪನಿಗೆ ವಹಿಸಲಾಯಿತು.

1950ರ ಪರೀಕ್ಷೆ

ಹೊಸ ಬೈಕನ್ನು ಐಲ್ ಆಫ್ ಮ್ಯಾನ್‌ನಲ್ಲಿ ಓಡಿಸಿ ನೋಡಿದರು. ಪ್ಯಾರಿಸ್ ಹತ್ತಿರದ ಮೋಂಟ್ಲೆರಿ ಟ್ರ್ಯಾಕಿನಲ್ಲಿ ಅದರ ಗಟ್ಟಿತನ ಪರೀಕ್ಷಿಸಿದರು. 1950ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಬ್ಲ್ಯಾಂಡ್‌ಫರ್ಡ್ ಎಂಬಲ್ಲಿ ಅದು ಮೊದಲ ಸಲ ರೇಸಿಗೆ ಇಳಿಯಿತು. ಸವಾರರು ಜೆಫ್ ಡ್ಯೂಕ್ ಎಂಬ ಯುವಕ. ಮೊದಲ ರೇಸಿನಲ್ಲೇ ಗೆಲುವು. ನಾರ್ಟನ್ ತಂಡದ ಹಿರಿಯ ಸವಾರ ಹೆರಾಲ್ಡ್ ಡ್ಯಾನಿಯಲ್ ಈ ಬೈಕ್ ಏರಿ ಇಳಿದ ಮೇಲೆ ಅದನ್ನು ಗರಿ ತುಂಬಿದ ಮೆತ್ತನೆಯ ಹಾಸಿಗೆಗೆ ಹೋಲಿಸಿದರಂತೆ. ಅಂದಿನಿಂದ ಆ ಚಾಸಿಗೆ ಫೆದರ್‌ಬೆಡ್ ಎಂಬ ಹೆಸರೇ ನಿಂತಿತು.

ನಿಜವಾದ ಪರೀಕ್ಷೆ ಜೂನ್ ತಿಂಗಳ ಟಿಟಿ ರೇಸ್. ಅದು ಸ್ಟೇಡಿಯಂನಲ್ಲಿ ನಡೆಯುವ ರೇಸ್ ಅಲ್ಲ. ಊರುಗಳ ನಡುವೆ, ಮನೆಗಳ ಗೋಡೆ ಪಕ್ಕದಲ್ಲಿ, ಗುಡ್ಡ ಹತ್ತಿ ಇಳಿಯುವ ಮಾಮೂಲಿ ರಸ್ತೆಯಲ್ಲಿ ನಡೆಯುತ್ತದೆ. ಒಂದು ಸುತ್ತಿಗೆ ಸುಮಾರು 60.7 ಕಿಲೋಮೀಟರ್. ಸೀನಿಯರ್ ರೇಸಿಗೆ ಅಂಥ 7 ಸುತ್ತು, ಒಟ್ಟು ಸುಮಾರು 425 ಕಿಲೋಮೀಟರ್. ಅಂದರೆ ಬಳ್ಳಾರಿಯಿಂದ ಬೆಂಗಳೂರು ಮುಟ್ಟಿ ಇನ್ನೂ ನೂರು ಕಿಲೋಮೀಟರಿಗೂ ಹೆಚ್ಚು ದೂರ.

1949ರಲ್ಲಿ ಹಳೆಯ ಚಾಸಿಯ ನಾರ್ಟನ್ ಬೈಕಿನಲ್ಲಿ ಹೆರಾಲ್ಡ್ ಡ್ಯಾನಿಯಲ್ ಈ ರೇಸನ್ನು ಗಂಟೆಗೆ ಸರಾಸರಿ 86.93 ಮೈಲಿ, ಅಂದರೆ ಸುಮಾರು 140 ಕಿಲೋಮೀಟರ್ ವೇಗದಲ್ಲಿ ಗೆದ್ದಿದ್ದರು. 1950ರಲ್ಲಿ ಹೊಸ ಚಾಸಿಯ ಬೈಕಿನಲ್ಲಿ ಜೆಫ್ ಡ್ಯೂಕ್ ಗೆದ್ದದ್ದು 92.27 ಮೈಲಿ, ಅಂದರೆ ಸುಮಾರು 148.5 ಕಿಲೋಮೀಟರ್ ಸರಾಸರಿಯಲ್ಲಿ. ಅಷ್ಟೇ ದೂರ ಓಡಲು ಸುಮಾರು ಹತ್ತೂವರೆ ನಿಮಿಷ ಕಡಿಮೆ ಸಾಕಾಯಿತು. ಒಂದು ಸುತ್ತಿನ ದಾಖಲೆ 1938ರಿಂದ ಹಾಗೆಯೇ ಉಳಿದಿತ್ತು, ಅದೂ ಮುರಿಯಿತು. ಸೀನಿಯರ್ ರೇಸಿನಲ್ಲಿ ಮೊದಲ ಮೂರು ಸ್ಥಾನ ನಾರ್ಟನ್‌ಗೆ. 350 ಸಿಸಿಯ ಜೂನಿಯರ್ ರೇಸಿನಲ್ಲೂ ಮೊದಲ ಮೂರು ಸ್ಥಾನ ನಾರ್ಟನ್‌ಗೆ. ಜೂನಿಯರ್ ಗೆದ್ದವರು ಅದೇ ಗೆಳೆಯ ಆರ್ಟಿ ಬೆಲ್.

ಇದೆಲ್ಲ ಚಾಸಿಯೊಂದರಿಂದಲೇ ಆಯಿತು ಎಂದರೆ ಉತ್ಪ್ರೇಕ್ಷೆಯಾದೀತು. ಡ್ಯೂಕ್ ಅಸಾಧಾರಣ ಸವಾರ. ಜೋ ಕ್ರೇಗ್ ಎಂಜಿನ್ನನ್ನೂ ತಿದ್ದುತ್ತಲೇ ಇದ್ದರು. ಆದರೆ ಎಂಜಿನ್ ಅದೇ ಒಂದು ಸಿಲಿಂಡರಿನ ಹಳೆಯ ಮಾದರಿ. ನೇರ ರಸ್ತೆಯಲ್ಲಿ ಇಟಲಿಯವರ ಬೈಕ್ ಮುಂದೆ ಹೋಗುತ್ತಿತ್ತು, ತಿರುವಿನಲ್ಲಿ ನಾರ್ಟನ್ ಅದನ್ನು ಹಿಡಿಯುತ್ತಿತ್ತು. ಆ ವರ್ಷ 500 ಸಿಸಿ ವಿಶ್ವ ಚಾಂಪಿಯನ್ ಪಟ್ಟ ಒಂದೇ ಒಂದು ಅಂಕದಿಂದ ಗಿಲೆರಾ ಸವಾರ ಉಂಬೆರ್ಟೊ ಮಸೆಟ್ಟಿ ಅವರ ಪಾಲಾಯಿತು. ಡ್ಯೂಕ್ ಅವರಿಗೆ ನಡುವೆ ಟೈರ್ ಕೈಕೊಟ್ಟಿತ್ತು. ಮರುವರ್ಷ 1951ರಲ್ಲಿ 350 ಮತ್ತು 500 ಸಿಸಿ ಎರಡೂ ವಿಶ್ವ ಪಟ್ಟಗಳನ್ನು ಡ್ಯೂಕ್ ಗೆದ್ದರು. ಶಕ್ತಿ ಕಡಿಮೆ ಇದ್ದ ಬೈಕ್ ಶಕ್ತಿ ಹೆಚ್ಚಿದ್ದ ಬೈಕನ್ನು ಸೋಲಿಸಿತು.

ಈ ಕಥೆಯಲ್ಲಿ ನೋವೂ ಇದೆ. 1950ರ ಬೆಲ್ಜಿಯಂ ರೇಸಿನಲ್ಲಿ ಆರ್ಟಿ ಬೆಲ್ ದೊಡ್ಡ ಅಪಘಾತಕ್ಕೆ ಸಿಕ್ಕರು. ಜೀವ ಉಳಿಯಿತು, ಆದರೆ ಮತ್ತೆ ರೇಸ್ ಓಡಿಸಲಾಗಲಿಲ್ಲ. ಒಳ್ಳೆಯ ಚಾಸಿ ಅಪಾಯವನ್ನು ಕಡಿಮೆ ಮಾಡಬಲ್ಲದು, ಇಲ್ಲವಾಗಿಸಲಾರದು.

ಮಾರುಕಟ್ಟೆಗೆ ಬಂದ ಚಾಸಿ

ರೇಸಿನಲ್ಲಿ ಗೆದ್ದ ಚಾಸಿಯನ್ನು ನಾರ್ಟನ್ ಕಂಪನಿ ಸಾಮಾನ್ಯ ಗ್ರಾಹಕರಿಗೂ ತಂದಿತು. ಡಾಮಿನೇಟರ್ 88 ಎಂಬ ಬೈಕಿನಲ್ಲಿ ಅದು ಮಾರಾಟಕ್ಕೆ ಬಂತು. ಸವಾರನ ಮೊಣಕಾಲಿಗೆ ಅನುಕೂಲವಾಗಲೆಂದು 1960ರಲ್ಲಿ ಅದರ ಮೇಲಿನ ಕೊಳವೆಗಳನ್ನು ಸ್ವಲ್ಪ ಕಿರಿದು ಮಾಡಿದರು. ಸುಮಾರು ಇಪ್ಪತ್ತು ವರ್ಷ ನಾರ್ಟನ್ ಬೈಕುಗಳಲ್ಲಿ ಫೆದರ್‌ಬೆಡ್ ಉಳಿಯಿತು.

ಅದಕ್ಕಿಂತ ಕುತೂಹಲದ ಸಂಗತಿ ಹಳೆಯ ಬೈಕ್ ಪ್ರಿಯರು ಮಾಡಿದ ಕೆಲಸ. ಆಗ ಇಂಗ್ಲೆಂಡಿನಲ್ಲಿ 500 ಸಿಸಿ ಎಂಜಿನ್ನಿನ ಸಣ್ಣ ರೇಸ್ ಕಾರುಗಳ ಪಂದ್ಯ ಜೋರಾಗಿತ್ತು. ಆ ಕಾರಿಗೆ ನಾರ್ಟನ್ ಎಂಜಿನ್ ಬೇಕು, ಆದರೆ ಕಂಪನಿ ಬರೀ ಎಂಜಿನ್ ಮಾರುತ್ತಿರಲಿಲ್ಲ. ಅದಕ್ಕೆ ಜನ ಇಡೀ ಬೈಕ್ ಕೊಂಡು, ಎಂಜಿನ್ ತೆಗೆದು ಕಾರಿಗೆ ಹಾಕಿ, ಉಳಿದ ಚಾಸಿಯನ್ನು ಕಡಿಮೆ ಬೆಲೆಗೆ ಮಾರುತ್ತಿದ್ದರು. ಇನ್ನೊಂದು ಕಡೆ ಟ್ರಯಂಫ್ ಎಂಜಿನ್ ಒಳ್ಳೆಯದಿತ್ತು, ಅದರ ಚಾಸಿ ಸಾಧಾರಣ. ಹುಡುಗರು ನಾರ್ಟನ್ ಚಾಸಿಗೆ ಟ್ರಯಂಫ್ ಎಂಜಿನ್ ಕೂರಿಸಿದರು. ಎರಡೂ ಹೆಸರು ಸೇರಿಸಿ ಅದನ್ನು ಟ್ರೈಟನ್ ಎಂದು ಕರೆದರು. ಲಂಡನ್ನಿನ ಏಸ್ ಕೆಫೆಯಂಥ ಹೋಟೆಲುಗಳ ಮುಂದೆ ಸೇರುತ್ತಿದ್ದ ಈ ಬೈಕುಗಳಿಗೆ ಕೆಫೆ ರೇಸರ್ ಎಂಬ ಹೆಸರು ಬಂತು. ಇವತ್ತು ನಮ್ಮ ಶೋರೂಮುಗಳಲ್ಲಿ ಕೆಫೆ ರೇಸರ್ ಎಂದು ಮಾರುವ ಮಾದರಿಗಳ ಮೂಲ ಅದೇ. ಅದರ ತಳಪಾಯ ಮೆಕ್ಯಾಂಡ್ಲೆಸ್ ಅವರ ಬೆಸುಗೆ.

ಕೊನೆಯ ದಿನಗಳು

ನಾರ್ಟನ್ ಜೊತೆ ಮೆಕ್ಯಾಂಡ್ಲೆಸ್ ಅವರ ಕೆಲಸ ಕೆಲವೇ ವರ್ಷ ನಡೆಯಿತು. ಸವಾರ ಮೊಣಕಾಲೂರಿ ಓಡಿಸುವಂಥ, ನೆಲಕ್ಕೆ ಹತ್ತಿರವಾದ ನೀಲರ್ ಎಂಬ ಬೈಕನ್ನೂ ಅವರು ರೂಪಿಸಿದರು. 1953ರಲ್ಲಿ ರೇ ಆಮ್ ಅದರ ಮೇಲೆ ಮೋಂಟ್ಲೆರಿಯಲ್ಲಿ ವೇಗದ ದಾಖಲೆಗಳನ್ನು ಮಾಡಿದರು. ಆಮೇಲೆ ರೆಕ್ಸ್ ಬೈಕುಗಳಿಂದ ದೂರವಾದರು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ರೇಸ್ ಕಾರು ಕಟ್ಟಿದರು. ಹೊಲ ಗುಡ್ಡಗಳಲ್ಲಿ ಓಡುವ ಸಣ್ಣ ವಾಹನವೊಂದನ್ನು ಮಾಡಿದರು. 1960ರ ದಶಕದಲ್ಲಿ ಆಟೋಜೈರೋ ಎಂಬ, ತಲೆಯ ಮೇಲೆ ರೆಕ್ಕೆ ತಿರುಗುವ ಪುಟ್ಟ ವಿಮಾನಗಳತ್ತ ಮನಸ್ಸು ಕೊಟ್ಟರು. ಇವು ಯಾವುವೂ ಫೆದರ್‌ಬೆಡ್‌ನಷ್ಟು ಹೆಸರು ತರಲಿಲ್ಲ. ತಮ್ಮ ಕ್ರೋಮಿ ಸಹ ಹೆಸರು ಮಾಡಿದರು, 1951ರಲ್ಲಿ 125 ಸಿಸಿ ಟಿಟಿ ರೇಸನ್ನು ಮೊಂಡಿಯಲ್ ಬೈಕಿನಲ್ಲಿ ಗೆದ್ದರು. 1992ರ ಜೂನ್ 8ರಂದು, 77ನೇ ವಯಸ್ಸಿನಲ್ಲಿ ರೆಕ್ಸ್ ಮೆಕ್ಯಾಂಡ್ಲೆಸ್ ತೀರಿಕೊಂಡರು. ಅಷ್ಟರಲ್ಲಿ ಸ್ವಿಂಗ್ ಆರ್ಮ್ ಇಲ್ಲದ ಹೊಸ ಬೈಕ್ ಜಗತ್ತಿನಲ್ಲಿ ಹುಡುಕಿದರೂ ಸಿಗುವುದು ಅಪರೂಪವಾಗಿತ್ತು.

ನಮ್ಮ ರಸ್ತೆಗೂ ಇದಕ್ಕೂ ಏನು ಸಂಬಂಧ?

ಅದೇ ಕಾಲಕ್ಕೆ, 1948-49ರಲ್ಲಿ, ಇಂಗ್ಲೆಂಡಿನ ರಾಯಲ್ ಎನ್‌ಫೀಲ್ಡ್ ಕಂಪನಿ ತನ್ನದೇ ದಾರಿಯಲ್ಲಿ ಬುಲೆಟ್ ಬೈಕಿಗೆ ಸ್ವಿಂಗ್ ಆರ್ಮ್ ಹಾಕಿತ್ತು. 1955ರಿಂದ ಅದು ಮದ್ರಾಸಿನಲ್ಲಿ ತಯಾರಾಗತೊಡಗಿತು. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಜಾವಾ 250 ಬೈಕಿಗೂ ಸ್ವಿಂಗ್ ಆರ್ಮ್ ಇತ್ತು. ಆಮೇಲೆ ಅದೇ ಕಾರ್ಖಾನೆ ಯೆಜ್ಡಿ ಹೆಸರಿನಲ್ಲಿ ಬೈಕ್ ಮಾಡಿ 1996ರಲ್ಲಿ ಮುಚ್ಚಿತು. ಬಳ್ಳಾರಿಯಲ್ಲಿ ಇವತ್ತಿಗೂ ಹಳೆಯ ಬುಲೆಟ್, ಯೆಜ್ಡಿ ಇಟ್ಟುಕೊಂಡವರಿದ್ದಾರೆ. ಸಿರುಗುಪ್ಪ, ಕುರುಗೋಡು ಕಡೆಯ ರಸ್ತೆಗಳು ಎರೆಮಣ್ಣಿನ ಮೇಲೆ ಹಾಸಿದವು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಮೇಲಿನ ಡಾಂಬರು ಎಷ್ಟು ಚೆನ್ನಾಗಿದ್ದರೂ ಕೆಳಗಿನ ಮಣ್ಣು ಅಲೆ ಎಬ್ಬಿಸುತ್ತದೆ. ಇದರ ಮೇಲೆ ಭತ್ತದ ಟ್ರ್ಯಾಕ್ಟರು, ಲಾರಿ. ಇಂಥ ರಸ್ತೆಯಲ್ಲಿ ಬೇಕಾದದ್ದು ಹೆಚ್ಚು ಸಿಸಿ ಅಲ್ಲ, ನೆಲ ಬಿಡದ ಚಕ್ರ.

ಹಳೆಯ ಬೈಕ್ ಸಿಕ್ಕರೆ ನಮ್ಮಲ್ಲಿ ಮೊದಲು ಸೈಲೆನ್ಸರ್ ಬದಲಾಯಿಸುತ್ತಾರೆ, ದಪ್ಪ ಟೈರ್ ಹಾಕಿಸುತ್ತಾರೆ, ಕೆಲವರು ಚಾಸಿಯನ್ನೇ ಕತ್ತರಿಸಿ ಮೋಟು ಮಾಡುತ್ತಾರೆ. ಮೆಕ್ಯಾಂಡ್ಲೆಸ್ ಚಾಸಿ ಕತ್ತರಿಸಿದರಲ್ಲ, ನಾವೇಕೆ ಕತ್ತರಿಸಬಾರದು ಎಂದು ಯಾರಾದರೂ ಕೇಳಬಹುದು. ಅವರು ಒಂದೊಂದು ಬದಲಾವಣೆಯನ್ನೂ ಓಡಿಸಿ ಪರೀಕ್ಷಿಸಿದವರು. ಬೆಸುಗೆ ಬಿಟ್ಟರೆ ಪ್ರಾಣ ಹೋಗುತ್ತದೆ ಎಂದು ವಿಮಾನ ಕಾರ್ಖಾನೆಯಲ್ಲಿ ಕಲಿತವರು. ಅಲ್ಲದೆ ಇವತ್ತು ನಮ್ಮ ದೇಶದ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವಂತಿಲ್ಲ. 50 ವರ್ಷ ದಾಟಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಲು 2021ರಲ್ಲಿ ನಿಯಮ ಬಂದಿದೆ, ಅದಕ್ಕೂ ಚಾಸಿ ಮತ್ತು ಎಂಜಿನ್ ಮೂಲರೂಪದಲ್ಲೇ ಇರಬೇಕು. ಚಾಸಿ ಕತ್ತರಿಸಿದವನು ಸುರಕ್ಷತೆಯನ್ನೂ ಕಳೆದುಕೊಳ್ಳುತ್ತಾನೆ, ಬೈಕಿನ ಬೆಲೆಯನ್ನೂ ಕಳೆದುಕೊಳ್ಳುತ್ತಾನೆ.

ಹಾಗಾದರೆ ಚಾಸಿ ಕತ್ತರಿಸದೆ ಹಳೆಯ ಬೈಕಿನ ಹಿಡಿತವನ್ನು ಸುಧಾರಿಸಲು ಆಗುವುದಿಲ್ಲವೇ? ಆಗುತ್ತದೆ. ಬೈಕನ್ನು ಡಬಲ್ ಸ್ಟ್ಯಾಂಡಿಗೆ ಹಾಕಿ ಹಿಂದಿನ ಚಕ್ರವನ್ನು ಎಡಬಲಕ್ಕೆ ಅಲ್ಲಾಡಿಸಬೇಕು. ಟಕ್ ಟಕ್ ಎಂದರೆ ಸ್ವಿಂಗ್ ಆರ್ಮ್ ಬುಷ್ ಅಥವಾ ಚಕ್ರದ ಬೇರಿಂಗ್ ಸವೆದಿದೆ ಎಂದರ್ಥ. ಮುಂದಿನ ಚಕ್ರ ಎತ್ತಿ ಹ್ಯಾಂಡಲನ್ನು ನಿಧಾನವಾಗಿ ತಿರುಗಿಸಬೇಕು. ನಡುವೆ ಎಲ್ಲಾದರೂ ಸಿಕ್ಕಿಕೊಂಡಂತೆ ಆದರೆ ಕೋನ್ ಸೆಟ್ ಹೋಗಿದೆ. ಸೀಟನ್ನು ಜೋರಾಗಿ ಒತ್ತಿ ಬಿಡಬೇಕು. ಒಮ್ಮೆ ಎದ್ದು ನಿಂತರೆ ಶಾಕ್ ಸರಿ, ಮತ್ತೆ ಮತ್ತೆ ಕುಣಿದರೆ ಒಳಗಿನ ಎಣ್ಣೆ ಸೋರಿದೆ. ಮುಂದಿನ ಫೋರ್ಕ್ ಎಣ್ಣೆ ಬದಲಾಯಿಸಿ ಎಷ್ಟು ವರ್ಷವಾಯಿತು ಎಂದು ಕೇಳಬೇಕು. ಎರಡೂ ಚಕ್ರ ಒಂದೇ ಗೆರೆಯಲ್ಲಿವೆಯೇ ಎಂದು ದಾರ ಹಿಡಿದು ನೋಡಬೇಕು. ಇವು ಹೆಸರು ತರುವ ಕೆಲಸಗಳಲ್ಲ, ಫೋಟೋದಲ್ಲೂ ಕಾಣುವುದಿಲ್ಲ. ಆದರೆ ತಿರುವಿನಲ್ಲಿ ಎದುರಿಗೆ ಲಾರಿ ಬಂದಾಗ ಕೆಲಸಕ್ಕೆ ಬರುವುದು ಇವೇ.

ನಮ್ಮಲ್ಲಿ ಹೆಚ್ಚಿನವರಿಗೆ ಇನ್ನೂ ಲೈಸೆನ್ಸ್ ಪಡೆಯುವ ವಯಸ್ಸೂ ಆಗಿಲ್ಲ. 18 ತುಂಬಿದ ಕೂಡಲೇ ಬೈಕ್ ಬೇಕು ಎಂದು ಮನೆಯಲ್ಲಿ ಹಟ ಹಿಡಿಯುವವರು ನಾವೇ. ಆಗ ನಮ್ಮ ಬೀದಿಯ ಉಸ್ತಾದರ ಹತ್ತಿರ ಹೋಗಿ ಸೈಲೆನ್ಸರಿನ ದರ ಕೇಳುವ ಮೊದಲು ಬುಷ್, ಬೇರಿಂಗ್, ಶಾಕ್ ನೋಡಿ ಕೊಡಿ ಎಂದು ಕೇಳೋಣ. ಅವರಲ್ಲಿ ಅನೇಕರು ರೆಕ್ಸ್ ಮೆಕ್ಯಾಂಡ್ಲೆಸ್ ಅವರ ಹಾಗೆ ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ಕೈಯಿಂದ ಕಲಿತವರು. ಪುಸ್ತಕದಲ್ಲಿ ಓದಿದ್ದನ್ನು ನಾವು ಅವರಿಗೆ ಹೇಳಬಹುದು, ಅವರ ಕೈ ಕಂಡದ್ದನ್ನು ಅವರು ನಮಗೆ ಕಲಿಸಬಹುದು. ನಾರ್ಟನ್‌ನಂಥ ದೊಡ್ಡ ಕಂಪನಿ ಒಬ್ಬ ಮೆಕ್ಯಾನಿಕ್ ಮಾತು ಕೇಳಿದ್ದರಿಂದ ಗೆದ್ದಿತು. ನಾವು ನಮ್ಮ ಊರಿನ ಮೆಕ್ಯಾನಿಕ್ ಮಾತು ಕೇಳಿದರೆ ಕ್ಷೇಮವಾಗಿ ಮನೆ ಸೇರುತ್ತೇವೆ.